ಯಾಕಣ್ಣ ಕೇಳದ ಒಂದು ಯಾಕೆ

ಆ ಬೋರ್ಡು ಕಂಡರೆ ಯಾಕಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಕ್‌ಶಾಪಿನ ಬಾಗಿಲ ಮೇಲೆ ಇಪ್ಪತ್ತು ವರ್ಷದಿಂದ ‘ಹಳೆಯ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ’ ಎಂಬ ಮರ್ಯಾದಸ್ತ ಹಲಗೆಯೊಂದಿತ್ತು. ಅದನ್ನು ಕಿತ್ತು ಗುಜರಿಗೆ ಹಾಕಿ, ಯಜಮಾನರ ಅಳಿಯ ಅಲ್ಲಿ ‘ರಿವರ್ಸ್ ಎಂಜಿನಿಯರಿಂಗ್ ಪರಿಣತರು’ ಎಂದು ಮಿರಮಿರ ಮಿಂಚುವ ಅಕ್ಷರ ಕೂರಿಸಿದ್ದ. ಹೋಗಲಿ, ಅಕ್ಷರದ ಮೇಲೆ ಯಾಕಣ್ಣನಿಗೇನೂ ಹಗೆಯಿರಲಿಲ್ಲ. ಹಗೆಯೆಲ್ಲ ಆ ಮಾತಿಗೆ ಅಳಿಯ ಕೊಡುತ್ತಿದ್ದ ಅರ್ಥದ ಮೇಲೆ. ಬಂದ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಅಳಿಯ ವಿವರಿಸುವನು: ಬೇರೆಯವರ ಒಳ್ಳೆ ಮಾಲು ಒಂದು ತನ್ನಿ, ನಾವು ಬಿಚ್ಚುತ್ತೇವೆ, ಅಳೆಯುತ್ತೇವೆ, ಥೇಟ್ ಅದರಂತೆಯೇ ನೂರು ಮಾಡಿ ಕೊಡುತ್ತೇವೆ, ಇಷ್ಟೇ ಸ್ವಾಮಿ ರಿವರ್ಸ್ ಎಂಜಿನಿಯರಿಂಗ್ ಅಂದರೆ.

ಇಷ್ಟೇ ಅಂತೆ. ಥೂ!

ಯಾಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟದ್ದು ಬೇರೆ ಇತ್ತು, ಅದೀಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ವರ್ಕ್‌ಶಾಪಿಗೆ ಯಾವ ಯಂತ್ರ ಬಂದರೂ ಮೊದಲು ಅವನ ಮೇಜಿಗೆ ಬರಬೇಕು. ಬಿಚ್ಚುವವನು ಅವನು, ಅಳೆಯುವವನು ಅವನು, ನಕ್ಷೆ ಬರೆಯುವವನೂ ಅವನೇ. ಪಕ್ಕದಲ್ಲಿ ಉದ್ದನೆಯ ರೂಲು ಪುಸ್ತಕ ಬಿಚ್ಚಿಕೊಂಡಿರುತ್ತಿತ್ತು. ಯಂತ್ರದ ಒಂದೊಂದು ತೂತು, ಒಂದೊಂದು ಹಲ್ಲು, ಒಂದೊಂದು ಮೂಲೆಯನ್ನೂ ಎಡಗಡೆ ಬರೆದು, ಬಲಗಡೆ ‘ಯಾಕೆ’ ಎಂಬ ತಲೆಬರಹದ ಕೆಳಗೆ ಅದರ ಕಾರಣ ಬರೆಯುವನು. ಕಾರಣ ತಿಳಿಯುವ ತನಕ ಅಳತೆಗೆ ಕೈ ಹಾಕುತ್ತಿರಲಿಲ್ಲ. ಲೇತಿನವರು ಕೈಕಟ್ಟಿ ಕಾದರೂ ಅಷ್ಟೇ, ಗಿರಾಕಿ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದರೂ ಅಷ್ಟೇ. ಇದು ಯಾಕಿದೆ ಹೇಳು ನೋಡೋಣ ಎಂದು ಎದುರು ಸಿಕ್ಕವರನ್ನೆಲ್ಲ ಪೀಡಿಸಿ ಪೀಡಿಸಿ ಕೊನೆಗೆ ಯಾಕಣ್ಣನಾಗಿ ಉಳಿದ.

ಅವನ ಪ್ರಕಾರ ಆ ಮಾತಿನ ಅರ್ಥವೇ ಬೇರೆ. ಯಂತ್ರ ಮಾಡುವವನಿಗೆ ಮೊದಲು ಒಂದು ತೊಂದರೆ ಎದುರಾಗುತ್ತದೆ. ತೊಂದರೆಯಿಂದ ಯೋಚನೆ, ಯೋಚನೆಯಿಂದ ನಕ್ಷೆ, ನಕ್ಷೆಯಿಂದ ಕಬ್ಬಿಣ. ರಿವರ್ಸ್ ಎಂದರೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆದುಕೊಂಡು ಹೋಗುವುದು. ಕಬ್ಬಿಣದಿಂದ ನಕ್ಷೆಗೆ, ನಕ್ಷೆಯಿಂದ ಯೋಚನೆಗೆ, ಯೋಚನೆಯಿಂದ ಆ ಮೊದಲಿನ ತೊಂದರೆಯ ಬಾಗಿಲಿಗೆ. ಅಲ್ಲಿ ಹೋಗಿ ಬಾಗಿಲು ತಟ್ಟಿದವನು ಎಂಜಿನಿಯರು. ನಕ್ಷೆಯ ಹತ್ತಿರವೇ ನಿಂತು, ಸಿಕ್ಕಿದ್ದನ್ನು ಬಾಚಿಕೊಂಡು ಓಡಿಬರುವವನು ಕಳ್ಳ, ಅದೂ ಸೋಮಾರಿ ಕಳ್ಳ. ಹೀಗೆಂದು ಅವನು ಅಳಿಯನ ಎದುರಿಗೇ ಹೇಳಿದ್ದ. ಅಳಿಯ ಹಲ್ಲು ಕಿರಿದು, ಬೋರ್ಡಿನಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ ಎಂದಿದ್ದ.

ಈ ಚಟ ಹತ್ತಿಸಿದವಳು ತಾಯಿ. ಅವನಿಗೆ ಹನ್ನೆರಡಿದ್ದಾಗ ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನು ಬಿಚ್ಚಿ ನೆಲದ ತುಂಬ ಹರಡಿಕೊಂಡು ಕೂತಿದ್ದ. ಆರು ವರ್ಷದ ತಂಗಿ ಎದುರಿಗೆ ಕೂತು, ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿಕೊಂಡು, ಅಣ್ಣ ಕೈ ಚಾಚಿದಾಗ ಒಂದೊಂದೇ ಕೊಡುತ್ತಿದ್ದಳು. ಎಲ್ಲ ಮುಗಿದಾಗ ಒಂದು ಸ್ಕ್ರೂ ಮಿಕ್ಕಿತು. ಫ್ಯಾನು ಮಾತ್ರ ತಿರುಗಿತು. ತಿರುಗಿತಲ್ಲ ಮತ್ತೇನು ಎಂದು ಅದನ್ನು ಕಿಟಕಿಯಾಚೆ ಎಸೆಯಲು ಹೋದವನ ಕೈಯನ್ನು ತಾಯಿ ಹಿಡಿದಳು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಇದು ಅಲ್ಲಿ ಯಾಕಿತ್ತು ಅಂತ ಹೇಳು, ಆಮೇಲೆ ಊಟ ಎಂದಳು. ಮಧ್ಯಾಹ್ನದ ಊಟ ಅವನಿಗೆ ಸಂಜೆ ಐದಕ್ಕೆ ಸಿಕ್ಕಿತು. ನೀನು ತಿನ್ನು ಎಂದರೂ ಕೇಳದೆ ತಂಗಿಯೂ ಅಲ್ಲಿಯವರೆಗೆ ಮುಚ್ಚಳ ಹಿಡಿದುಕೊಂಡೇ ಕೂತಿದ್ದಳು.

ಇಂಥವನಿಗೆ ಊರಿನ ನಕಲುಗಾರರನ್ನು ಕಂಡರೆ ಎಷ್ಟು ಹೇಸಿಗೆಯಿದ್ದಿರಬೇಡ. ಒಮ್ಮೆ ಪಕ್ಕದ ಬೀದಿಯ ವರ್ಕ್‌ಶಾಪಿನವರು ನೀರಿನ ಪಂಪಿನ ದಂಡ ತಿರುಗುವ ಬಳೆಯನ್ನು, ಸವೆದ ಬುಷ್ ಒಂದನ್ನು, ಅಳೆದು, ಸವೆತದ ಸಮೇತ, ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪಗೆ, ಇನ್ನೂರು ಹೊಸ ಬುಷ್ ಮಾಡಿ ಮಾರಿದ್ದರು. ಹುಟ್ಟುತ್ತಲೇ ಮುದಿಯಾದ ಇನ್ನೂರು ಬುಷ್! ಅದರಲ್ಲೊಂದನ್ನು ಯಾಕಣ್ಣ ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅದನ್ನು ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ತೋರಿಸುವನು. ನೋಡಿ, ಯಾಕೆ ಅಂತ ಕೇಳದಿದ್ದರೆ ಹುಟ್ಟುವುದು ಇಂಥದ್ದು ಎನ್ನುವನು. ಮೂವತ್ತು ವರ್ಷದಲ್ಲಿ ತನ್ನ ಪುಸ್ತಕದ ಬಲಗಡೆ ಒಂದು ಸಾಲೂ ಖಾಲಿ ಬಿಟ್ಟಿಲ್ಲವೆಂಬ ಜಂಬ ಅವನಿಗೆ ಇದ್ದೇ ಇತ್ತು. ಇರಲಿ ಬಿಡಿ, ಮನುಷ್ಯನೆಂದ ಮೇಲೆ ಒಂದಿಷ್ಟು ಜಂಬ ಬೇಡವೆ.

ಆ ಮುಚ್ಚಳ ಹಿಡಿದ ತಂಗಿ ಈಗ ನಲವತ್ತಾರರ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಎರಡು ಬೀದಿಯಾಚೆ ಒಂದು ಕೋಣೆಯ ಮನೆಯಲ್ಲಿದ್ದಳು. ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳ ಕೆಲಸ. ಒಗೆದ ಚಾದರಗಳನ್ನು ಹಿಂಡುವ ಯಂತ್ರಗಳು ಅಲ್ಲಿ ಹನ್ನೆರಡಿದ್ದವು. ಒದ್ದೆ ಬಟ್ಟೆ ತುಂಬಿ, ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ಒಳಗಿನ ಡ್ರಮ್ಮು ಗಿರ್ರನೆ ತಿರುಗಿ ನೀರನ್ನೆಲ್ಲ ಹಿಂಡಿ ಹಾಕುತ್ತದೆ. ಕರೆಂಟು ನಿಂತ ಮೇಲೂ ಡ್ರಮ್ಮು ಮೂರು ನಿಮಿಷ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಮುಚ್ಚಳ ತೆರೆಯದ ಹಾಗೆ, ಪಕ್ಕದಲ್ಲಿರುವ ಅಂಗೈಯಗಲದ ಕಬ್ಬಿಣದ ಪೆಟ್ಟಿಗೆಯೊಳಗಿನಿಂದ ಒಂದು ಚಿಲಕ ಅದನ್ನು ಹಿಡಿದಿರುತ್ತದೆ. ಡ್ರಮ್ಮು ಪೂರ್ತಿ ನಿಂತಾಗ ಚಿಲಕ ತಾನಾಗಿ ಸರಿಯುತ್ತದೆ. ಆ ಪೆಟ್ಟಿಗೆಯ ಮುಂದಿನ ತಗಡಿನಲ್ಲಿ ಒಂದು ಚಿಕ್ಕ ತೂತಿತ್ತು. ಅದರೊಳಗೆ ತಂತಿ ತೂರಿಸಿ ಚಿಲಕವನ್ನು ತಳ್ಳಿದರೆ ಮುಚ್ಚಳ ಮೂರು ನಿಮಿಷ ಮೊದಲೇ ತೆರೆದುಕೊಳ್ಳುತ್ತಿತ್ತು.

ಒಂದು ಸೋಮವಾರ ಹಾಗೆ ತೆರೆದುಕೊಂಡಾಗ, ತಿರುಗುತ್ತಿದ್ದ ಚಾದರದ ತುದಿ ಅವಳ ಬಲಗೈಗೆ ಸುತ್ತಿಕೊಂಡಿತು. ಮೂಳೆ ಎರಡು ಕಡೆ ಮುರಿಯಿತು. ಮೂರು ಬೆರಳು ಮತ್ತೆ ಮಡಚುವುದು ಸಂಶಯ ಎಂದರು ಡಾಕ್ಟರು.

ಮಂಗಳವಾರ ಲಾಂಡ್ರಿಯ ಮ್ಯಾನೇಜರ್ ಒಂದು ಕಾಗದ ಕಳಿಸಿದ. ನಿಯಮ ಮೀರಿ ತಂತಿ ಹಾಕಿ ಮುಚ್ಚಳ ತೆಗೆದದ್ದು ನನ್ನದೇ ತಪ್ಪು, ಯಂತ್ರದಲ್ಲಾಗಲಿ ಲಾಂಡ್ರಿಯಲ್ಲಾಗಲಿ ಯಾವ ದೋಷವೂ ಇಲ್ಲ ಎಂದು ಅದರಲ್ಲಿ ಟೈಪು ಮಾಡಿತ್ತು. ಶುಕ್ರವಾರದೊಳಗೆ ರುಜು ಹಾಕಬೇಕಂತೆ. ಹಾಕಿದರೆ ಚಿಕಿತ್ಸೆಯ ಖರ್ಚೂ ಇಲ್ಲ, ಕೆಲಸವೂ ಇಲ್ಲ. ಹಾಕದಿದ್ದರೆ ತಪ್ಪು ಅವಳದಲ್ಲ ಎಂದು ತೋರಿಸಬೇಕು, ತೋರಿಸುವುದು ಹೇಗೆ? ತಂತಿ ಹಾಕಿದ್ದು ನಿಜವೇ. ಆದರೆ ಪ್ರತಿ ಯಂತ್ರದ ಪಕ್ಕದಲ್ಲೂ ಮೊಳೆ ಹೊಡೆದು, ದಾರ ಕಟ್ಟಿ, ಹ್ಯಾಂಗರಿನ ತಂತಿ ನೇತು ಹಾಕಿಸಿದ್ದವನು ಅದೇ ಮ್ಯಾನೇಜರ್. ಮೂರು ನಿಮಿಷ ಕಾಯುವವರನ್ನು ಮೈಗಳ್ಳರು ಎಂದು ಎಲ್ಲರೆದುರು ಬೈಯುತ್ತಿದ್ದವನೂ ಅವನೇ.

ತಂಗಿ ಗೋಡೆಗೆ ಒರಗಿ ಕೂತು, ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಇದೆಲ್ಲ ಹೇಳಿದಳು. ಅಳಲಿಲ್ಲ. ಕೊನೆಗೆ ಒಂದೇ ಒಂದು ಕೇಳಿಕೊಂಡಳು.

“ಅಣ್ಣಾ, ನೀನೇ ಹೋಗಿ ಬಿಚ್ಚಿ ನೋಡು. ಚಿಲಕ ಇಟ್ಟೋನೇ ಅದನ್ನ ತೆಗೆಯೋಕೆ ತೂತೂ ಇಡ್ತಾನಾ? ಆ ತೂತು ಅಲ್ಲಿ ಯಾಕಿದೆ ಅಂತ ನಂಗೆ ಗೊತ್ತಾಗ್ಬೇಕು.”

ಬುಧವಾರ ಯಾಕಣ್ಣ ರಜೆ ಹಾಕಿ, ಚೀಲದಲ್ಲಿ ಸಾಮಾನು ತುಂಬಿಕೊಂಡು ಲಾಂಡ್ರಿಗೆ ಹೋದ. ಒಳಗೆ ಕಾಲಿಟ್ಟೊಡನೆ ಸೋಪು, ಬಿಸಿ ನೀರು, ಯಾರ್ಯಾರದೋ ಮೈಯ ವಾಸನೆ ಎಲ್ಲ ಸೇರಿ ಮುಖಕ್ಕೆ ರಾಚಿತು. ತಂತಿಗಳನ್ನು ರಾತ್ರೋರಾತ್ರಿ ತೆಗೆಸಿದ್ದರು. ಮೊಳೆಗಳನ್ನೂ ದಾರಗಳನ್ನೂ ತೆಗೆಯುವಷ್ಟು ಬುದ್ಧಿ ಓಡಿರಲಿಲ್ಲ. ಹನ್ನೆರಡು ಯಂತ್ರ, ಹನ್ನೆರಡು ಮೊಳೆ, ಹನ್ನೆರಡು ತುಂಡು ದಾರ ಗಾಳಿಗೆ ಅಲ್ಲಾಡುತ್ತಿದ್ದವು. ಮ್ಯಾನೇಜರ್ ಮೂಗು ಮುರಿಯುತ್ತ ಯಂತ್ರದ ಕೈಪಿಡಿಯನ್ನು ತಂದು ಮುಂದೆ ಹಿಡಿದ. ನೋಡ್ರೀ, ತಯಾರಿಸಿದವರೇ ಬರೆದಿದ್ದಾರೆ ಎಂದು ಬೆರಳಿಟ್ಟು ತೋರಿಸಿದ. ಪೆಟ್ಟಿಗೆಯ ಚಿತ್ರದಲ್ಲಿ ಆ ತೂತಿಗೆ ಬಾಣದ ಗುರುತು ಹಾಕಿ, ‘ತುರ್ತು ಬಿಡುಗಡೆ ರಂಧ್ರ, ಪರಿಣತರು ಮಾತ್ರ ಬಳಸತಕ್ಕದ್ದು’ ಎಂದು ಅಚ್ಚು ಹಾಕಿದ್ದರು.

ಯಾಕಣ್ಣನಿಗೆ ನಗು ತಡೆಯಲಾಗಲಿಲ್ಲ. ರಂಧ್ರವಂತೆ, ಅದೂ ತುರ್ತು. ಯಾರೋ ಬೇರೆಯವರ ಯಂತ್ರ ತಂದು ಅಳೆದು ಅಚ್ಚು ಹೊಡೆದಿದ್ದಾರೆ, ಇದೊಂದು ತೂತು ಯಾಕೆಂದು ಹೊಳೆದಿಲ್ಲ, ಹೊಳೆಯದ್ದಕ್ಕೆ ಒಂದು ಹೆಸರು ಕೊಟ್ಟು ತಿಪ್ಪೆ ಸಾರಿಸಿದ್ದಾರೆ. ಸವೆದ ಬುಷ್ಷಿನ ಅಣ್ಣತಮ್ಮಂದಿರು! ಸಿಕ್ಕಿಬಿದ್ದಿರಿ ಮಕ್ಕಳಾ ಎಂದುಕೊಂಡು, ಹುರುಪಿನಿಂದಲೇ ಎರಡು ಗಂಟೆ ಕೂತು ಪೆಟ್ಟಿಗೆಯನ್ನು ಇಳಿಸಿ ಬಿಚ್ಚಿದ. ಒಳಗೆ ಕೂದಲು, ದಾರದ ನಾರು, ಸೋಪಿನ ಜಿಡ್ಡು ಎಲ್ಲ ಕೊಳೆತು ಬೂದುಬಣ್ಣದ ಲೋಳೆಯಾಗಿ ಚಿಲಕಕ್ಕೆ ಅಂಟಿಕೊಂಡಿತ್ತು. ಅದನ್ನೆಲ್ಲ ಒರೆಸಿ ತೆಗೆದ. ಮುಂದಿನ ತಗಡನ್ನು ಬಟ್ಟೆಯಿಂದ ಉಜ್ಜಿ ಬೆಳಕಿಗೆ ಹಿಡಿದ.

ತೂತಿನ ಎಡಗಡೆ, ಒಂದು ಬೆರಳು ದೂರದಲ್ಲಿ, ಒಂದು ಚಿಕ್ಕ ಗುಳಿ ಇತ್ತು.

ಪಕ್ಕದ ಯಂತ್ರ ನೋಡಿದ. ತೂತು, ಎಡಗಡೆ ಗುಳಿ. ಅದರಾಚೆಯದು ನೋಡಿದ. ಹನ್ನೆರಡಕ್ಕೆ ಹನ್ನೆರಡರಲ್ಲೂ ಅದೇ ತೂತು, ಅದೇ ದೂರದಲ್ಲಿ ಅದೇ ಗುಳಿ. ಕೊನೆಯ ಯಂತ್ರವನ್ನೂ ನೋಡಿ ಮುಗಿಸಿ, ಒದ್ದೆ ಚಾದರದ ಗುಡ್ಡೆಯ ಮೇಲೆ ಕೂತ.

ಹನ್ನೊಂದು ವರ್ಷದ ಹಿಂದಿನ ಮಾತು. ಈಗ ಮುಚ್ಚಿಹೋಗಿರುವ ಬೇರೊಂದು ಲಾಂಡ್ರಿಯಿಂದ ಕರೆ ಬಂದಿತ್ತು. ಇಂಥದೇ ಯಂತ್ರ, ಅಸಲಿಯದು. ಜಿಡ್ಡು ಹಿಡಿದು ಚಿಲಕ ಒಳಗೇ ಕಚ್ಚಿಕೊಂಡು, ಮುಚ್ಚಳ ತೆರೆಯದೆ, ಬಟ್ಟೆಯೆಲ್ಲ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಶನಿವಾರ ಸಂಜೆ. ಸರಿಯಾಗಿ ಮಾಡಬೇಕೆಂದರೆ ಇಡೀ ಪೆಟ್ಟಿಗೆ ಇಳಿಸಬೇಕು, ಎರಡು ಗಂಟೆಯ ಕೆಲಸ. ಅವನು ಪೆಟ್ಟಿಗೆಯ ಮುಂದಿನ ತಗಡಿಗೆ ಚೂಪು ತುದಿಯ ಪಂಚು ಇಟ್ಟು, ಡ್ರಿಲ್ಲಿಗೆ ಗುರುತು ಮಾಡಲು ಸುತ್ತಿಗೆಯಿಂದ ಒಂದು ಏಟು ಹಾಕಿದ. ಪಂಚು ಜಾರಿ ಬೇರೆ ಕಡೆ ಗುಳಿ ಬಿತ್ತು. ಇನ್ನೊಮ್ಮೆ ಇಟ್ಟು ಹೊಡೆದು, ತೂತು ಕೊರೆದು, ಮೊಳೆ ತೂರಿಸಿ ಚಿಲಕ ತಳ್ಳಿದ. ಮುಚ್ಚಳ ತೆರೆಯಿತು. ಸೋಮವಾರ ಬಂದು ತೂತು ಮುಚ್ಚುತ್ತೇನೆ ಎಂದು ಹೇಳಿ ಹೊರಟ. ಸೋಮವಾರ ಬೇರೇನೋ ಕೆಲಸ ಬಂತು. ಆಮೇಲೆ ಅದು ಮರೆತೇಹೋಯಿತು. ಆ ಲಾಂಡ್ರಿ ಮುಚ್ಚಿದಾಗ ಯಂತ್ರಗಳನ್ನು ಯಾರೋ ಹರಾಜಿನಲ್ಲಿ ಕೊಂಡರೆಂದು ಕೇಳಿದ್ದ. ಕೊಂಡವರು ಯಾಕೆ ಕೊಂಡರೆಂದು ಈಗ ಕಣ್ಣಮುಂದೆ ಸಾಲಾಗಿ ನಿಂತಿತ್ತು. ಅವನ ಕೈ ಜಾರಿದ ಗುಳಿಯನ್ನೂ ಬಿಡದೆ, ಆಳ ಅಗಲ ಅಳೆದು, ನಕ್ಷೆಯಲ್ಲಿ ಏರಿಸಿ, ಅಚ್ಚಿಗೆ ಹಾಕಿದ್ದರು ಪುಣ್ಯಾತ್ಮರು.

ಸಂಜೆ ತಂಗಿಯ ಮನೆಗೆ ಹೋಗಲು ಕಾಲೇ ಬರಲಿಲ್ಲ. ಮರುದಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷದ ರೂಲು ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ತಿರುವಿ ಹಾಕಿದ. ಬೇರೆಯವರು ಕೊರೆದ ಸಾವಿರಾರು ತೂತಿಗೆ ಕಾರಣ ಬರೆದಿತ್ತು. ತಾನು ಕೊರೆದದ್ದು ಒಂದೂ ಇರಲಿಲ್ಲ. ಅದನ್ನು ಬರೆಯಬೇಕೆಂದು ಯಾವತ್ತೂ ಅನ್ನಿಸಿರಲೂ ಇಲ್ಲ. ಮೇಜಿನ ಮೇಲಿದ್ದ ಸವೆದ ಬುಷ್ಷನ್ನು ನೋಡಿದ. ಅದನ್ನು ಎತ್ತಿ ತೋರಿಸುತ್ತ ತಾನು ಆಡಿದ್ದ ಮಾತೆಲ್ಲ ನೆನಪಾಗಿ, ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುವಷ್ಟು ಅಸಹ್ಯವಾಯಿತು.

ಅಳಿಯನಿಗೆ ಯಾಕೆ ಹೇಳಿದನೋ ಅವನಿಗೇ ತಿಳಿಯದು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟ. ಅಳಿಯ ಕುರ್ಚಿ ಹತ್ತಿರ ಎಳೆದುಕೊಂಡು, ಎಂದೂ ಇಲ್ಲದ ಪ್ರೀತಿಯಿಂದ ಬೆನ್ನು ತಟ್ಟಿದ.

“ತೂತಿನ ಮೇಲೆ ಯಾರದಾದ್ರೂ ಹೆಸರಿರುತ್ತಾ? ಯಂತ್ರ ಮಾಡಿದೋರು ತಮ್ದೇ ಅಂತ ಬುಕ್ಕಲ್ಲೇ ಬರ್ಕೊಂಡಿದಾರೆ. ಅವರದೇ ಅಂತ ಇರ್ಲಿ ಬಿಡಿ. ನೀವು ಬಾಯಿ ಬಿಟ್ರೆ ನಾಳೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ?”

ಯಾಕಣ್ಣನಿಗೆ ಹೇಸಿಗೆಯಾದದ್ದು ಆ ಮಾತಿಗಲ್ಲ. ಹಿಂದಿನ ಸಂಜೆ ಚಾದರದ ಗುಡ್ಡೆಯಿಂದ ಏಳುವಾಗ ಅವನ ತಲೆಗೆ ಬಂದಿದ್ದೂ ಅಕ್ಷರಶಃ ಅದೇ ಮಾತು. ಅಳಿಯನಿಗೂ ತನಗೂ ಇದ್ದ ಅಂತರ ಇಷ್ಟೇನಾ ಎಂದುಕೊಂಡು ಬೆನ್ನ ಮೇಲಿದ್ದ ಕೈಯನ್ನು ಕೊಡವಿ ಎದ್ದ.

ಶುಕ್ರವಾರ ಲಾಂಡ್ರಿಯ ಆಫೀಸು ಕೋಣೆಯಲ್ಲಿ ನಾಲ್ಕು ಜನ ಸೇರಿದರು. ಮೇಜಿನಾಚೆ ಮ್ಯಾನೇಜರ್, ಅವನ ಪಕ್ಕ ಯಂತ್ರ ತಯಾರಿಸಿದ ಕಂಪನಿಯ ಎಂಜಿನಿಯರು, ಈಚೆ ತಂಗಿ, ಅವಳ ಪಕ್ಕ ಯಾಕಣ್ಣ. ಬರುವ ದಾರಿಯಲ್ಲಿ ಗೊತ್ತಾಯ್ತಾ ಅಣ್ಣ ಎಂದು ತಂಗಿ ಕೇಳಿದ್ದಳು. ಒಳಗೆ ಹೇಳ್ತೀನಿ ಎಂದು ಅವನು ಮುಖ ತಿರುಗಿಸಿಕೊಂಡಿದ್ದ. ಎಂಜಿನಿಯರು ಇನ್ನೂ ಮೂವತ್ತು ದಾಟದವನು, ಇಸ್ತ್ರಿ ಕೆಡದ ಅಂಗಿ ತೊಟ್ಟಿದ್ದ. ಆ ರಂಧ್ರವನ್ನು ತುಂಬ ಯೋಚಿಸಿ ಇಡಲಾಗಿದೆ, ಬೆಂಕಿ ಹೊತ್ತಿದಾಗ, ಕರೆಂಟು ಕೈಕೊಟ್ಟಾಗ ಒಳಗಿನ ಬಟ್ಟೆ ತೆಗೆಯಲು ಅದು ಬೇಕೇ ಬೇಕು ಎಂದು ಅವನು ಉರು ಹೊಡೆದ ಪಾಠ ಒಪ್ಪಿಸಿದ. ಮ್ಯಾನೇಜರ್ ಟೈಪು ಮಾಡಿದ ಕಾಗದವನ್ನು ತಂಗಿಯ ಮುಂದೆ ಸರಿಸಿದ.

ಪಕ್ಕದ ಗುಳಿ ಯಾಕಿದೆ ಎಂದು ಯಾಕಣ್ಣ ಕೇಳಿದ.

ಎಂಜಿನಿಯರು ನಕ್ಷೆ ನೋಡಿದ. ಗುಳಿ ಅಲ್ಲಿತ್ತು, ಅಳತೆಯ ಸಮೇತ ಇತ್ತು. ಅದು ಎಣ್ಣೆ ನಿಲ್ಲುವುದಕ್ಕೆ ಎಂದ. ಗೋಡೆಯಂತೆ ನೆಟ್ಟಗೆ ನಿಂತ ತಗಡಿನ ಮೇಲೆ ಎಣ್ಣೆ ನಿಲ್ಲುವುದು ಹೇಗೆಂದು ಕೇಳಿದರೆ ಮತ್ತೆ ನಕ್ಷೆಯ ಮೇಲೆ ಬಗ್ಗಿದ. ಯಾಕಣ್ಣ ಚೀಲದಿಂದ ಹಳೆಯ ಪಂಚೊಂದನ್ನು ತೆಗೆದು, ಬಿಚ್ಚಿ ತಂದಿದ್ದ ಪೆಟ್ಟಿಗೆಯ ಗುಳಿಯ ಮೇಲೆ ಅದರ ತುದಿ ಇಟ್ಟ. ಅಳೆದು ಮಾಡಿದಂತೆ ಕೂತಿತು.

“ಇದು ಎಣ್ಣೆಗಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ಕೈ ಜಾರಿದ್ದು. ತೂತೂ ನಂದೇ. ಅಸಲಿ ಯಂತ್ರದಲ್ಲಿ ಈ ಎರಡೂ ಇರಲಿಲ್ಲ. ನೀವು ಯಾವ ಯಂತ್ರ ಬಿಚ್ಚಿ ನಕಲು ಮಾಡಿದ್ರೋ, ಅದನ್ನ ನಿಮಗಿಂತ ಮುಂಚೆ ನಾನು ಹಾಳು ಮಾಡಿದ್ದೆ.”

ಎಂಜಿನಿಯರು ನಕ್ಷೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ. ಯಾಕಣ್ಣ ಪಕ್ಕಕ್ಕೆ ತಿರುಗುವ ಧೈರ್ಯ ಮಾಡಲಿಲ್ಲ. ತಂಗಿ ಮಾತ್ರ ಅವನನ್ನೇ ನೋಡುತ್ತಿದ್ದಳು, ನೋಡುತ್ತಿದ್ದಾಳೆಂಬುದು ಅವನ ಕೆನ್ನೆಗೆ ಗೊತ್ತಾಗುತ್ತಿತ್ತು. ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಬರೆದುಕೊಡಿ ಎಂದು ಮ್ಯಾನೇಜರ್ ಅಡ್ಡಗಾಲು ಹಾಕಿದ. ಬರೆದುಕೊಡಲಾರರು ಎಂದೇ ಅವನ ಲೆಕ್ಕ.

ತಂಗಿ ಎಡಗೈಯಿಂದ ಟೈಪು ಮಾಡಿದ ಕಾಗದವನ್ನು ಮಗುಚಿದಳು. ಹಿಂಬದಿ ಖಾಲಿಯಿತ್ತು. ಅದನ್ನು ಅಣ್ಣನ ಮುಂದೆ ಸರಿಸಿದಳು.

“ಹೇಳಿಕೆ ನಂದು. ನಂಗೆ ಬರೆಯೋಕೆ ಕೈಯಿಲ್ಲ. ನಾನು ಹೇಳ್ತೀನಿ, ನೀನು ಬರಿ.”

ಅವನು ಪೆನ್ನು ತೆಗೆದುಕೊಂಡ. ಅವಳು ನಿಧಾನವಾಗಿ, ಒಂದೊಂದೇ ಸ್ಕ್ರೂ ಎತ್ತಿ ಕೊಟ್ಟ ಹಾಗೆ, ಒಂದೊಂದೇ ಸಾಲು ಹೇಳಿದಳು. ತಂತಿ ಕಟ್ಟಿಸಿದ್ದು ಮ್ಯಾನೇಜರ್. ಕಾದವರನ್ನು ಮೈಗಳ್ಳರೆಂದು ಬೈದದ್ದೂ ಅವರೇ. ಯಾಕೆಂದು ತಿಳಿಯದೆ ತೂತನ್ನು ನಕಲು ಮಾಡಿ, ಇಲ್ಲದ ಕಾರಣವನ್ನು ಪುಸ್ತಕದಲ್ಲಿ ಅಚ್ಚು ಹಾಕಿದ್ದು ಕಂಪನಿಯವರು. ಮ್ಯಾನೇಜರ್ ಮಧ್ಯೆ ಬಾಯಿ ಹಾಕಿದ, ಅವಳು ನಿಲ್ಲಿಸಲಿಲ್ಲ. ತೂತನ್ನು ಮೊದಲು ಕೊರೆದದ್ದು ರಿಪೇರಿಗೆ ಬಂದವನು, ಮುಚ್ಚುತ್ತೇನೆಂದು ಹೇಳಿ ಹೋದವನು ಮುಚ್ಚಲಿಲ್ಲ. ಅಲ್ಲಿಯವರೆಗೆ ಬರೆದು ಯಾಕಣ್ಣ ತಲೆಯೆತ್ತಿದ.

“ರಿಪೇರಿಯವನು ನಂಗೇನಾಗ್ಬೇಕು ಅಂತ ಬರಿ,” ಎಂದಳು.

ಸ್ವಂತ ಅಣ್ಣ ಎಂದು ಬರೆದ. ಓದು ಎಂದಳು. ಓದಿದ. ಪೂರ್ತಿ ಓದಿದ ಮೇಲೆ ಕಾಗದವನ್ನು ಮ್ಯಾನೇಜರನ ಕಡೆ ಸರಿಸಲು ಹೋದಾಗ, ಅವಳ ಎಡಗೈ ಬಂದು ಕಾಗದದ ಮೇಲೆ ಕೂತಿತು.

“ಯಾಕೆ ಅನ್ನೋದು ಬಿಟ್ಟಿದೀಯ. ಪೆಟ್ಟಿಗೆ ಇಳಿಸಿ ಸರಿಯಾಗಿ ಮಾಡ್ದೆ ತೂತು ಕೊರೆದಿದ್ಯಾಕೆ, ಅದನ್ನೂ ಬರಿ.”

ಯಾಕಣ್ಣ ಖಾಲಿ ಉಳಿದಿದ್ದ ಕೊನೆಯ ಸಾಲನ್ನು ನೋಡುತ್ತ ಕೂತ. ಕಾರಣ ಅವನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕಿಂತ ದೊಡ್ಡದು, ಮರ್ಯಾದೆಯದು ಒಂದು ಸಿಕ್ಕೀತೇ ಎಂದು ಎರಡು ದಿನದಿಂದ ಹುಡುಕುತ್ತಲೇ ಇದ್ದ. ಸಿಕ್ಕಿರಲಿಲ್ಲ. ತಂಗಿಯ ಕೈ ಕಾಗದದ ಮೇಲಿಂದ ಅಲುಗಲಿಲ್ಲ. ಅವನು ಬಗ್ಗಿ, ರೂಲು ಪುಸ್ತಕದಲ್ಲಿ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದ: ‘ಆರೂವರೆಯ ಬಸ್ಸು ತಪ್ಪಿಹೋಗುತ್ತಿತ್ತು.’